ಚಿಕ್ಕಪ್ಪ ಏರಿಸಿದ ಕಾಲೇಜು ಫೀಸು

ವಿಶ್ವವಿದ್ಯಾನಿಲಯದ ಶುಲ್ಕವನ್ನು ಏರಿಸಿದವರು ನಮ್ಮ ಚಿಕ್ಕಪ್ಪ ಎಂದು ನಂಬಿರುವ ಜನ ಬೈಂದೂರಿನಿಂದ ಬ್ರಹ್ಮಾವರದ ತನಕ ಈಗಲೂ ಸಿಗುತ್ತಾರೆ. ಕುಲಪತಿಗಳಿಗೂ ಕುಲಸಚಿವರಿಗೂ ಸಿಗದ ಈ ಕೀರ್ತಿ, ಕಾಲೇಜಿನ ಮೆಟ್ಟಿಲನ್ನು ವಾರ್ಷಿಕೋತ್ಸವಕ್ಕೆ ಸ್ಪೀಕರ್ ಕಟ್ಟಲು ಮಾತ್ರ ಹತ್ತಿದ್ದ ಮನುಷ್ಯನಿಗೆ ಹೇಗೆ ಸಿಕ್ಕಿತು? ಮೈಕಿನಿಂದ ಸಿಕ್ಕಿತು, ಸ್ವಾಮೀ! ಸುದ್ದಿ ಯಾರ ಬಾಯಿಂದ ಬಂತೋ ಅವರೇ ಅದನ್ನು ಮಾಡಿದವರು ಎಂದು ನಮ್ಮ ಕಡೆಯವರ ಲೆಕ್ಕ. ಅದರಲ್ಲೂ ಆ ಬಾಯಿ ರಿಕ್ಷಾದ ಮಾಡಿನ ಮೇಲಿದ್ದರೆ ಕೇಳುವುದೇ ಬೇಡ.

ಚಿಕ್ಕಪ್ಪನದು ಬಾಡಿಗೆ ರಿಕ್ಷಾವೇ. ಆದರೆ ಅದರಲ್ಲಿ ಮನುಷ್ಯರು ಕೂತು ಹೋದದ್ದನ್ನು ನಾನು ಕಂಡದ್ದು ಕಡಿಮೆ. ಹಿಂದಿನ ಸೀಟು ಆಂಪ್ಲಿಫೈಯರಿನದು. ಅದರ ಪಕ್ಕ ಬ್ಯಾಟರಿ. ಮೇಲೆ ಮಾಡಿಗೆ ಕಟ್ಟಿದ, ಮುಂದಕ್ಕೊಂದು ಹಿಂದಕ್ಕೊಂದು ಸ್ಪೀಕರ್. ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿ, ವಾಲಿಬಾಲ್ ಪಂದ್ಯಾಟ, ಬಯಲಾಟ, ಕಣ್ಣಿನ ಉಚಿತ ತಪಾಸಣೆ, ನಾಳೆ ಕರೆಂಟಿಲ್ಲ ಎನ್ನುವ ಸೂಚನೆ, ಇವೆಲ್ಲ ಕುಂದಾಪುರದ ಸುತ್ತಿನ ಊರುಗಳಿಗೆ ತಲುಪುತ್ತಿದ್ದದ್ದು ಅವರ ಗಂಟಲಿನಿಂದ.

ಕಷ್ಟವೆಂದರೆ ಆ ಗಂಟಲಿಗೆ ಇದ್ದದ್ದು ಒಂದೇ ರಾಗ. ಅದು ಸಂಭ್ರಮದ ರಾಗ. ಏನನ್ನೇ ಹೇಳಲಿ, "ಮಹನೀಯರೇ, ಮಾತೆಯರೇ" ಎಂದು ಎತ್ತಿಕೊಂಡು "ಬನ್ನಿರಿ, ಭಾಗವಹಿಸಿರಿ, ಯಶಸ್ವಿಗೊಳಿಸಿರಿ" ಎಂದು ಇಳಿಸಿದರೇ ಅವರಿಗೆ ಸಮಾಧಾನ. ಒಮ್ಮೆ ಕರೆಂಟು ತೆಗೆಯುವ ಸುದ್ದಿಯನ್ನೂ ಇದೇ ಧಾಟಿಯಲ್ಲಿ ಸಾರಿದರು. ತಲ್ಲೂರಿನ ಹಿಟ್ಟಿನ ಗಿರಣಿಯವರು ರಿಕ್ಷಾ ಅಡ್ಡಹಾಕಿ, "ಹ್ವಾಯ್, ಕರೆಂಟ್ ಹೋಪ್ದಕ್ಕೆ ನಾವ್ ಎಲ್ಲಿಗ್ ಬಂದ್ ಭಾಗವಹಿಸ್ಕ್ ಮಾರಾಯ್ರೆ?" ಎಂದು ಕೇಳಿದರಂತೆ. ಚಿಕ್ಕಪ್ಪ ಸ್ವಲ್ಪ ಯೋಚಿಸಿ, "ಮನೆಯಗೇ ಕೂಕಂಡ್ ಭಾಗವಹಿಸಿ" ಎಂದು ಮುಂದೆ ಹೋದರು.

ಇಷ್ಟೆಲ್ಲ ಊರಿಗೆ. ಮನೆಯಲ್ಲಿ ಮಾತಿಲ್ಲ. ರಿಕ್ಷಾದಿಂದ ಇಳಿದರೆಂದರೆ ಚಿಕ್ಕಪ್ಪನ ಬಾಯಿಗೆ ಬೀಗ ಬಿತ್ತು ಎಂದೇ ಅರ್ಥ. ಊಟಕ್ಕೆ ಕೂತು ಸಾರಿಗೆ ಉಪ್ಪು ಬೇಕಾದರೆ ಉಪ್ಪಿನ ಮರಿಗೆಯನ್ನು ದಿಟ್ಟಿಸಿ ನೋಡುವರು. ಚಿಕ್ಕಮ್ಮನಿಗೆ ಸಾಕಾಗಿ ಹೋಗಿತ್ತು. "ಊರಿಡೀ ಮಹನೀಯರೇ ಮಾತೆಯರೇ ಅಂಬ್ರಲ್ಲ, ಮನೆಯಗಿಪ್ಪ ಮಾತೆ ಹತ್ರ ಒಂದ್ ಮಾತ್ ಆಡುಕಾತಿಲ್ಯಾ?" ಎಂದು ಕೇಳುವಳು. ಅದಕ್ಕೂ ಚಿಕ್ಕಪ್ಪ ಉಪ್ಪಿನ ಮರಿಗೆಯನ್ನೇ ನೋಡುವರು.

ಇನ್ನು ಅಣ್ಣನ ಎದುರಂತೂ ಕೇಳಬೇಡಿ. ಅಣ್ಣ ಎಂದರೆ ನನ್ನ ಅಪ್ಪಯ್ಯ. ಕಡಲಂಚಿನ ಕೋಡಿ ಊರಿನ ನಮ್ಮ ಮನೆಗೆ ಬಂದರೆ ಚಿಕ್ಕಪ್ಪ ಜಗಲಿಯ ಕಂಬಕ್ಕೆ ಒರಗಿ ನಿಲ್ಲುವರು. ಕೂರು ಎಂದರೂ ಕೂರಲಾರರು. ಅಪ್ಪಯ್ಯ ಹೇಳಿದ್ದಕ್ಕೆಲ್ಲ "ಹೌದ್ ಅಣ್ಣಯ್ಯ". ಅಪ್ಪಯ್ಯ ಸುಮ್ಮನಿದ್ದರೂ "ಹೌದ್ ಅಣ್ಣಯ್ಯ". ಮದುವೆಗೆ ಹೆಣ್ಣು ನೋಡಿ ಬಂದ ದಿನ ಹುಡುಗಿ ಒಪ್ಪಿಗೆಯಾ ಎಂದು ಅಪ್ಪಯ್ಯ ಕೇಳಿದ್ದಕ್ಕೂ ಇದೇ ಉತ್ತರ ಬಂತಂತೆ. ಚಿಕ್ಕಮ್ಮ ಇವತ್ತಿಗೂ ಅದನ್ನೇ ಹಿಡಿದುಕೊಂಡು, ತನ್ನನ್ನು ಒಪ್ಪಿದ್ದು ಗಂಡನೋ ಭಾವನೋ ಎಂದು ಜಗಳ ತೆಗೆಯುತ್ತಾಳೆ.

ಈಗ ಫೀಸಿನ ವಿಷಯಕ್ಕೆ ಬರುತ್ತೇನೆ. ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕುಂದಾಪುರದಲ್ಲಿ ಬಿ.ಕಾಂ. ಎರಡನೇ ವರ್ಷ ಮುಗಿಸಿ ರಜೆಯಲ್ಲಿದ್ದೆ. ಅಪ್ಪಯ್ಯ ದೋಣಿಗೆ ಹೋಗುವವರು. ಮಳೆಗಾಲ ಹಿಡಿದರೆ ದೋಣಿಗಳೆಲ್ಲ ದಡಕ್ಕೆ ಬಂದು ತೆಂಗಿನ ಸೋಗೆ ಹೊದ್ದು ಮಲಗುತ್ತವೆ, ಕೈಯಲ್ಲಿ ಕಾಸು ಆಡುವುದಿಲ್ಲ. ವಿಶ್ವವಿದ್ಯಾನಿಲಯದವರು ಫೀಸು ಏರಿಸಲು ಹುಡುಕಿ ಹುಡುಕಿ ಆರಿಸಿಕೊಳ್ಳುತ್ತಿದ್ದದ್ದು ಇದೇ ಹೊತ್ತನ್ನು! ಅವರ ಕ್ಯಾಲೆಂಡರಿನಲ್ಲಿ ಶೈಕ್ಷಣಿಕ ವರ್ಷ ಎನ್ನುವುದೊಂದೇ ಇತ್ತು, ಸಮುದ್ರ ಇರಲಿಲ್ಲ. ಹಿಂದಿನ ವರ್ಷ ಫೀಸು ಏರಿದಾಗ ಅಪ್ಪಯ್ಯ ಹೇಗೋ ಹೊಂದಿಸಿದ್ದರು. ಹೊಂದಿಸಿ ಬಂದು ಜಗಲಿಯಲ್ಲಿ ಕೂತು, ಬೈಯದೆ, ಗದರದೆ, ಹೇಳಿದರು.

"ಕಾಣ್ ಮಗಳೇ, ಇನ್ನೊಂದ್ ಸಲ ಏರ್ಸಿರೆ ನನ್ ಕೈಯಗ್ ಆತಿಲ್ಲೆ. ಓದಿದ್ದ್ ಸಾಕ್ ಅಂದ್ಕಂಬ."

ನಾನು ಹೂಂ ಎಂದೆ. ಬೇರೆ ಏನು ಹೇಳುವುದು? ಅವರು ಗದರಿದ್ದರೆ ಎದುರು ವಾದಿಸಬಹುದಿತ್ತು. ಆ ವರ್ಷವಿಡೀ ನಾನು ಓದಿದ್ದಕ್ಕಿಂತ ಫೀಸು ಏರದಿರಲಿ ಎಂದು ಹರಕೆ ಹೊತ್ತದ್ದೇ ಹೆಚ್ಚು.

ಫೀಸು ಏರುವ ಸುದ್ದಿ ಹೊರಗೆ ಬರುತ್ತಿದ್ದ ರೀತಿಯೇ ಒಂದು ಚಂದ. ಕಾಲೇಜಿನ ಕಚೇರಿಯ ಪಕ್ಕ ಗಾಜಿನ ಪೆಟ್ಟಿಗೆಯ ನೋಟಿಸ್ ಬೋರ್ಡು. ಅದರ ಬೀಗದ ಕೈ ಜವಾನನ ಹತ್ತಿರ. ರಜೆಯಲ್ಲಿ ಎಲ್ಲರೂ ಮನೆಯಲ್ಲಿದ್ದಾಗ ಅದರೊಳಗೆ ಒಂದು ಸುತ್ತೋಲೆ ಬಂದು ಕೂರುತ್ತಿತ್ತು. ಯಾರಿಗೂ ಗೊತ್ತಾಗದ ಹಾಗೆ ಅದನ್ನು ಎಲ್ಲರ ಗಮನಕ್ಕೆ ತರಲಾಗುತ್ತಿತ್ತು! ಬೈಂದೂರಿನ ಆಚೆಯಿಂದ ಮಕ್ಕಳು ಬಸ್ಸು ಹಿಡಿದು ಹಳೆಯ ಫೀಸು ಹಿಡಿದುಕೊಂಡು ಬರುವರು, ಕಿಟಕಿಯಲ್ಲಿ ಕೈ ಚಾಚುವರು, ಸಾಲದು ಎಂದು ಕೇಳಿ ವಾಪಸು ಹೋಗುವರು. ಪ್ರತಿ ವರ್ಷವೂ ಇದೇ ಕತೆ.

ಆ ವರ್ಷ ಘಟ್ಟದ ಮೇಲಿನಿಂದ ಒಬ್ಬರು ಹೊಸ ಪ್ರಿನ್ಸಿಪಾಲರು ಬಂದಿದ್ದರು. ಒಳ್ಳೆಯ ಮನುಷ್ಯ. ಮಕ್ಕಳು ಸುಮ್ಮನೆ ಅಲೆಯುವುದು ಬೇಡ, ಮುಂಚೆಯೇ ತಿಳಿಸೋಣ ಎಂದು ಅವರಿಗೆ ಅನ್ನಿಸಿತು. ಮೈಕ್ ಕಟ್ಟಿದ ರಿಕ್ಷಾ ಒಂದಿದೆಯಲ್ಲ ಎಂದು ಯಾರೋ ಹೇಳಿದರು. ಚಿಕ್ಕಪ್ಪನನ್ನು ಕರೆಸಿದರು. ಒಳಗೆ ನಡೆದದ್ದನ್ನು ನಮಗೆ ಹೇಳಿದ್ದು ನೋಟಿಸ್ ಬೋರ್ಡಿನ ಬೀಗದ ಕೈ ಇಟ್ಟುಕೊಂಡಿದ್ದ ಅದೇ ಜವಾನ. ಅದೂ ಎಲ್ಲ ಮುಗಿದು ಎಷ್ಟೋ ದಿನಗಳ ಮೇಲೆ.

"ಪ್ರವೇಶ ಶುರುವಾಗಿದೆ, ಶುಲ್ಕ ಪರಿಷ್ಕರಣೆ ಆಗಿದೆ, ಕೊನೆಯ ದಿನಾಂಕ ಇಂಥದ್ದು. ಇಷ್ಟು ಹೇಳಿದರೆ ಸಾಕು" ಎಂದರಂತೆ ಪ್ರಿನ್ಸಿಪಾಲರು.

"ಪರಿಷ್ಕರಣೆ ಅಂದ್ರೆ ಎಂತ ಸಾರ್?"

"ಅಂದರೆ, ಹೆಚ್ಚಾಗಿದೆ."

"ಹಾಂಗಾರೆ ಹೆಚ್ಚಾಯ್ತ್ ಅಂದೇ ಹೇಳ್ತೆ."

"ಬೇಡ, ಬೇಡ. ಸುತ್ತೋಲೆಯಲ್ಲಿ ಪರಿಷ್ಕರಣೆ ಅಂತಲೇ ಇದೆ. ನೀವೂ ಹಾಗೇ ಹೇಳಿ."

"ಇದನ್ನ್ ಹೆಚ್ಚ್ ಮಾಡ್ದರ್ ಯಾರ್ ಸಾರ್, ನೀವಾ?"

ಪ್ರಿನ್ಸಿಪಾಲರು ಕುರ್ಚಿಯಲ್ಲಿ ಸರಿದು ಕೂತರಂತೆ. "ನಾನಲ್ಲಪ್ಪ. ಮೊದಲು ಹಣಕಾಸು ಸಮಿತಿ ಕೂರುತ್ತದೆ, ಇಷ್ಟು ಏರಿಸಬಹುದು ಅಂತ ಶಿಫಾರಸು ಮಾಡುತ್ತದೆ. ಆಮೇಲೆ ಸಿಂಡಿಕೇಟು ಕೂತು ಒಪ್ಪಿಗೆ ಕೊಡುತ್ತದೆ. ಆಮೇಲೆ ಕುಲಸಚಿವರ ಸಹಿ ಆಗಿ ನಮಗೆ ಬರುತ್ತದೆ."

"ಅಷ್ಟೆಲ್ಲ ಜನ ಒಳಗ್ ಕೂಕಂಡ್ ಮಾಡಿದ್ದನ್ನ್ ಹೊರಗ್ ಹೇಳುಕೆ ನಾನೊಬ್ನೆಯಾ ಸಾರ್?"

ಪ್ರಿನ್ಸಿಪಾಲರು ಜವಾನನ ಕಡೆ ತಿರುಗಿದರು. ಚಹಾ ತರಿಸಿದರು. ಚಿಕ್ಕಪ್ಪ ಚಹಾ ಕುಡಿದು, ಸುತ್ತೋಲೆಯ ನಕಲನ್ನು ಓದಿ, ತಲೆಯಾಡಿಸಿದರು. ಅದು ಅವರಿಗೆ ಸುತರಾಂ ಹಿಡಿಸಲಿಲ್ಲ. "ಉಲ್ಲೇಖದಲ್ಲಿನ ನಡಾವಳಿಯಂತೆ" ಎಂದು ಶುರು ಮಾಡಿದರೆ ಯಾರು ನಿಂತು ಕೇಳುತ್ತಾರೆ? ಮನೆಗೆ ಬಂದು, ಚಿಕ್ಕಮ್ಮನಿಗೆ ಒಂದಕ್ಷರ ಹೇಳದೆ ಕೂತು, ವಿಶ್ವವಿದ್ಯಾನಿಲಯದ ಪ್ರಕಟಣೆಯನ್ನು ತಾವೇ ತಿದ್ದಿದರು. ಮರುದಿನ ಬೆಳಿಗ್ಗೆ ಹೆದ್ದಾರಿಯಲ್ಲಿ ಕೇಳಿದ್ದು ಇದು.

"ವಿದ್ಯಾಭಿಮಾನಿಗಳೇ, ಮಹನೀಯರೇ, ಮಾತೆಯರೇ! ಇದೋ ಬಂದಿದೆ! ತಾವೆಲ್ಲರೂ ಕಾತರದಿಂದ ಕಾಯುತ್ತಿದ್ದ ಪದವಿ ತರಗತಿಗಳ ಪರಿಷ್ಕೃತ ಶುಲ್ಕ! ಕಳೆದ ವರ್ಷಕ್ಕಿಂತಲೂ ಹೆಚ್ಚು! ಕೆಲವೇ ದಿನಗಳು ಮಾತ್ರ! ಇಂದೇ ಕಾಲೇಜಿಗೆ ಭೇಟಿ ಕೊಡಿ! ಬನ್ನಿರಿ, ಭಾಗವಹಿಸಿರಿ, ಯಶಸ್ವಿಗೊಳಿಸಿರಿ!"

ಬೈಂದೂರಿನಲ್ಲಿ ಒಬ್ಬ ಮುದುಕಿ ಕೊಡೆ ಹಿಡಿದು ಗದ್ದೆಯಂಚಿನಿಂದ ರಸ್ತೆಗೆ ಬಂದು, "ಮಗಾ, ಮಧ್ಯಾಹ್ನದ ಊಟ ಇತ್ತಾ?" ಎಂದು ಕೇಳಿದಳಂತೆ. "ಇಲ್ಲಬ್ಬೆ, ಫೀಸ್ ಕಟ್ಟುದ್ ಮಾತ್ರ" ಎಂದರು ಚಿಕ್ಕಪ್ಪ. "ಹಾಂಗಾರೆ ಅಷ್ಟ್ ಪ್ರೀತಿಯಗ್ ಎಂತಕ್ ಕರೂದ್?" ಎಂದು ಮುದುಕಿ ಬೈದುಕೊಂಡು ಹಿಂದೆ ಹೋದಳು.

ತ್ರಾಸಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಹೋಟೆಲಿನಲ್ಲಿದ್ದವರೆಲ್ಲ ಸುತ್ತುಗಟ್ಟಿದರು. ಯಾಕೆ ಏರಿಸಿದಿರಿ ಎಂದು ಕೇಳಿದರು. ನೋಡಿ, ಇಲ್ಲಿ ಚಿಕ್ಕಪ್ಪ ಒಂದು ತಪ್ಪು ಮಾಡಿದರು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ತಾನು ಸಾರಿದ ಸುದ್ದಿಯ ಬಗ್ಗೆ ತನಗೇ ಗೊತ್ತಿಲ್ಲ ಎನ್ನುವುದು ಅವರ ಕಸುಬಿಗೆ ಮರ್ಯಾದೆಯಲ್ಲ.

"ಡೀಸೆಲ್ ರೇಟ್ ಏರ್ತಲ್ಲ" ಎಂದುಬಿಟ್ಟರು.

"ಕಾಲೇಜ್ ಡೀಸೆಲಂಗ್ ನಡೂದಾ?"

"ಮತ್ತೆ? ಸಮಿತಿಯರ್ ಕಾರಂಗೆ ಬಪ್ಪುದಲ್ದಾ?"

ಜನ ಇದನ್ನು ನಂಬಿದರು. ಇಷ್ಟು ಒಳಗಿನ ಸಂಗತಿ ಗೊತ್ತಿರುವವನೇ ಏರಿಸಿದವನೂ ಇರಬೇಕು ಎಂದು ಅವರು ತೀರ್ಮಾನಕ್ಕೆ ಬಂದರು. ಕುಂದಾಪುರದ ಮೀನು ಮಾರ್ಕೆಟ್ಟಿಗೆ ಸುದ್ದಿ ತಲುಪುವಷ್ಟರಲ್ಲಿ ಚಿಕ್ಕಪ್ಪ ಪೂರ್ತಿ ವಿಶ್ವವಿದ್ಯಾನಿಲಯವೇ ಆಗಿದ್ದರು. ಮೀನು ಮಾರುವ ಹೆಂಗಸೊಬ್ಬಳು ರಿಕ್ಷಾದ ಹ್ಯಾಂಡಲ್ ಹಿಡಿದು ನಿಲ್ಲಿಸಿಯೇಬಿಟ್ಟಳು.

"ನನ್ ಹೆಣ್ಮಕ್ಕಳ್ ಇಬ್ರನ್ನೂ ನಿಮ್ಮಲ್ಲಿಗೇ ಹಾಕ್ತೆ. ಒಂಚೂರ್ ಬಿಟ್ಟ್ ಹೇಳಿ."

"ನಾ ಅಲ್ದೇ ಅಕ್ಕ, ಏರ್ಸುದ್ ಸಿಂಡಿಕೇಟ್."

"ಅವ್ರ್ಯಾರೋ ನಂಗ್ ಗೊತ್ತಿಲ್ಲೆ. ನಂಗೆ ಹೇಳ್ದರ್ ನೀವ್. ನೀವೇ ಬಿಡ್ಕ್."

ಚಿಕ್ಕಪ್ಪ ಕೇಳಿ ಹೇಳುತ್ತೇನೆ ಎಂದರು. ಅಷ್ಟಕ್ಕೇ ಬಿಟ್ಟರೂ ಆಗುತ್ತಿತ್ತು, ಆದರೆ ಅವರು ನಿಜವಾಗಿಯೂ ಕಾಲೇಜಿನ ಕಚೇರಿಗೆ ಹೋಗಿ, ಇಬ್ಬರನ್ನು ಒಟ್ಟಿಗೆ ಸೇರಿಸಿದರೆ ಕಡಿಮೆ ಮಾಡುತ್ತೀರಾ ಎಂದು ಕೇಳಿದರು! ಗುಮಾಸ್ತರಿಗೆ ಸಿಟ್ಟು ಬಂತು. "ಇದೇನ್ ಬಂಗುಡೆ ಮೀನಿನ ವ್ಯಾಪಾರವೇನ್ರೀ? ಪ್ರಕಟಣೆ ಆದ ಮೇಲೆ ಮುಗಿಯಿತು, ಇನ್ನು ಯಾರೂ ಏನೂ ಮಾಡುವ ಹಾಗಿಲ್ಲ" ಎಂದರು.

"ಬಂಗುಡಿ ಆಗಿದ್ರೆ ಸಂಜಿಗ್ ರೇಟ್ ಇಳಿತಿತ್ತ್ ಸಾರ್" ಎಂದು ಹೇಳಿ ಚಿಕ್ಕಪ್ಪ ಬಂದರು.

ಬ್ರಹ್ಮಾವರದ ಕಡೆ ಇನ್ನೊಂದು ರಗಳೆ. ಆ ಕಡೆಯ ಮಕ್ಕಳಲ್ಲಿ ಹೆಚ್ಚಿನವರು ಬೇರೆ ಕಾಲೇಜಿನವರು. ಆದರೆ ವಿಶ್ವವಿದ್ಯಾನಿಲಯ ಒಂದೇ, ಏರಿದ್ದು ಎಲ್ಲರಿಗೂ. ಆ ಕಾಲೇಜಿನವರು ಸುತ್ತೋಲೆಯನ್ನು ಇನ್ನೂ ಬೀರುವಿನಲ್ಲೇ ಇಟ್ಟುಕೊಂಡು ಒಳ್ಳೆಯ ದಿನ ನೋಡುತ್ತಿದ್ದರು. ಅಷ್ಟರಲ್ಲಿ ಚಿಕ್ಕಪ್ಪ ಊರಿಡೀ ಸಾರಿ, ಬನ್ನಿರಿ ಭಾಗವಹಿಸಿರಿ ಎಂದುಬಿಟ್ಟರು. ಮಧ್ಯಾಹ್ನಕ್ಕೆ ತಂದೆ ತಾಯಿಯರು ಕಾಲೇಜಿಗೆ ನುಗ್ಗಿದರು. ಅಲ್ಲಿಯವರು ನಮ್ಮ ಪ್ರಿನ್ಸಿಪಾಲರಿಗೆ ಫೋನು ಮಾಡಿ, "ನಮ್ಮ ಫೀಸನ್ನು ನಿಮ್ಮ ರಿಕ್ಷಾದವರು ಏರಿಸಿದ್ದು ಯಾಕೆ?" ಎಂದು ಜೋರು ಮಾಡಿದರಂತೆ. ಓದಿದವರೇ ಹೀಗೆ ಕೇಳಿದರೆ ಮೀನು ಮಾರುವವಳು ಕೇಳಿದ್ದರಲ್ಲಿ ಏನು ತಪ್ಪಿದೆ ಹೇಳಿ?

ಹೀಗೆ ಬಡಗು, ತೆಂಕು ಎಲ್ಲ ಸುತ್ತಿ ಆಯಿತು. ಕುಂದಾಪುರದ ಪೇಟೆ ಆಯಿತು. ಕೋಡಿ ಮಾತ್ರ ಉಳಿಯಿತು; ಮಳೆಯಲ್ಲಿ ಪೇಟೆಯ ಕಡೆ ಹೋಗದ ನಮ್ಮ ಮನೆಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಚಿಕ್ಕಮ್ಮ, "ಮನಿ ಬದಿಯಗಿಪ್ಪ ಕೋಡಿಗ್ ಯಾವಾಗ ಹೋಪ್ದ್?" ಎಂದು ಕೇಳಿದಾಗ "ಕಾಂಬ" ಎಂದು ಮುಂದೆ ಹಾಕಿದರಂತೆ. ದಿನವೂ ಕೇಳಿದಳು. ದಿನವೂ "ಕಾಂಬ". ಅಪ್ಪಯ್ಯ ನನಗೆ ಹೇಳಿದ್ದ ಮಾತು ಚಿಕ್ಕಪ್ಪನಿಗೆ ಗೊತ್ತಿತ್ತು. ಆ ದಿನ ಅವರೂ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು, ಅಭ್ಯಾಸದಂತೆ "ಹೌದ್ ಅಣ್ಣಯ್ಯ" ಎಂದೂ ಹೇಳಿದ್ದರು.

ಕಡೆಗೆ ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟಿದ್ದಾಗ, ಕೋಡಿಯ ರಸ್ತೆಯಲ್ಲಿ ಮೈಕಿನ ಸದ್ದು ಕೇಳಿತು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ದೂರದಿಂದ ಮಾತು ಸರಿಯಾಗಿ ತಿಳಿಯುತ್ತಿರಲಿಲ್ಲ, ರಾಗ ಮಾತ್ರ ತಿಳಿಯುತ್ತಿತ್ತು. ಯಾವುದೋ ಅಂಗಡಿಯ ರಿಯಾಯಿತಿ ಇರಬೇಕು ಎಂದುಕೊಂಡೆ. ಸದ್ದು ಒಂದೊಂದೇ ಓಣಿ ದಾಟಿ ಹತ್ತಿರ ಬಂತು. ನಮ್ಮ ಓಣಿಯ ತಿರುವಿನಲ್ಲಿ ಫಕ್ಕನೆ ನಿಂತಿತು.

ರಿಕ್ಷಾ ಓಣಿಯೊಳಗೆ ಬಂತು. ಮೈಕಿಲ್ಲ, ಮಾತಿಲ್ಲ. ಚಿಕ್ಕಪ್ಪ ಆಚೀಚೆ ನೋಡದೆ, ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಓಡಿಸುತ್ತ ಬರುತ್ತಿದ್ದರು. ಬಲೆ ಹೆಣೆಯುತ್ತ ಜಗಲಿಗಳಲ್ಲಿ ಕೂತಿದ್ದ ಗಂಡಸರೆಲ್ಲ ತಲೆ ಎತ್ತಿದರು. "ಹ್ವಾಯ್, ಬಾಯಿಗ್ ಎಂತಾಯ್ತ್?" ಎಂದು ಒಬ್ಬರು ಕೂಗಿದರು. ನಮ್ಮ ಓಣಿಯಲ್ಲಿ ಅವರು ರಿಕ್ಷಾದಲ್ಲಿ ಬಾಯಿ ಮುಚ್ಚಿಕೊಂಡು ಹೋದದ್ದನ್ನು ಯಾರೂ ಕಂಡವರಲ್ಲ. ಬೇರೆ ಓಣಿಗಳಲ್ಲಿ ಕೂಗಿ ಹೇಳಿದ್ದು ಯಾರಿಗೆ ಮುಟ್ಟಿತೋ ಇಲ್ಲವೋ, ಇಲ್ಲಿ ಸುಮ್ಮನೆ ಬಂದದ್ದು ಅಪ್ಪಯ್ಯನಿಗೆ ಸರಿಯಾಗಿ ಮುಟ್ಟಿತು.

ಅಪ್ಪಯ್ಯ ಬಲೆಯನ್ನು ಬದಿಗಿಟ್ಟರು. "ನಿಲ್ಸಾ" ಎಂದರು.

ಚಿಕ್ಕಪ್ಪ ನಿಲ್ಲಿಸಿ ಇಳಿದು ನಿಂತರು.

"ಫೀಸ್ ಏರ್ತ್, ಅಲ್ದಾ?"

ಚಿಕ್ಕಪ್ಪ ನೆಲ ನೋಡಿದರು. "ಹೌದ್ ಅಣ್ಣಯ್ಯ" ಎನ್ನುವ ಮಾತೂ ಆ ದಿನ ಬರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕೈಯಲ್ಲಿದ್ದ ಅಕ್ಕಿ ಕಾಲ ಮೇಲೆ ಬಿದ್ದದ್ದು ಗೊತ್ತಾಗಲಿಲ್ಲ. ಮುಗಿಯಿತು, ಇನ್ನು ನನ್ನ ಓದು ಮುಗಿಯಿತು ಎಂದಷ್ಟೇ ತಲೆಯಲ್ಲಿತ್ತು. ಚಿಕ್ಕಪ್ಪನ ಮೇಲೂ ಅವರ ಮೈಕಿನ ಮೇಲೂ ನನಗೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ.

"ಊರಿಗೆಲ್ಲ ಹೇಳ್ದೆ. ನನ್ ಬಾಗಿಲಗ್ ಮಾತ್ರ ಬಾಯ್ ಮುಚ್ಕಂಡ್ ಬಂದ್ಯಲ್ಲ, ಎಂತಕೆ? ಅಣ್ಣಯ್ಯನ ಕೈಯಗ್ ಆತಿಲ್ಲೆ ಅಂದ್ ಊರಿಗೆ ಗೊತ್ತಾಯ್ಕಾ?"

"ಅಲ್ಲ ಅಣ್ಣಯ್ಯ..."

"ಹಾಂಗಾರೆ ಹೇಳ್. ಎಲ್ಲರಿಗ್ ಹೇಳಿದ ಹಾಂಗೇ ಇಲ್ಲಿಯೂ ಹೇಳ್."

ಚಿಕ್ಕಪ್ಪ ರಿಕ್ಷಾ ಹತ್ತಿದರು. ಸ್ವಿಚ್ಚು ಹಾಕಿದರು, ಮೈಕಿಗೆ ಬೆರಳಿನಿಂದ ತಟ್ಟಿದರು. ಹೇಳಲು ಶುರು ಮಾಡಿದರು. ವಿದ್ಯಾಭಿಮಾನಿಗಳೇ, ಮಹನೀಯರೇ, ಮಾತೆಯರೇ. ಪರಿಷ್ಕೃತ ಶುಲ್ಕ. ಕಳೆದ ವರ್ಷಕ್ಕಿಂತಲೂ ಹೆಚ್ಚು. ಕೆಲವೇ ದಿನಗಳು ಮಾತ್ರ. ಅದೇ ರಾಗ, ಒಂದಕ್ಷರ ಬದಲಿಲ್ಲ. ಇನ್ನೇನು ಬನ್ನಿರಿ ಎನ್ನಬೇಕು, ಅಲ್ಲಿ ಒಂದು ಉಸಿರು ನಿಂತರು. ಆಮೇಲೆ ಹೇಳಿದರು.

"ಇದೇ ಓಣಿಯ ನಮ್ಮ ಅಣ್ಣಯ್ಯನವರ ಸುಪುತ್ರಿಯು ಈ ಬಾರಿ ಅಂತಿಮ ವರ್ಷದ ಪದವಿ ತರಗತಿಗೆ ಸೇರಲಿರುವಳು ಎಂದು ತಿಳಿಸಲು ಹರ್ಷಪಡುತ್ತೇವೆ."

ಅಣ್ಣನ ಎದುರು ಕೂತು ಗೊತ್ತಿಲ್ಲದ ಮನುಷ್ಯ, ಅಣ್ಣನನ್ನು ಒಂದು ಮಾತು ಕೇಳದೆ, ಅಣ್ಣನ ಮನೆಯ ತೀರ್ಮಾನವನ್ನು ಮೈಕಿನಲ್ಲಿ ಸಾರಿದ್ದರು. ಎದುರು ಮನೆಯ ಅಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದು, "ಹೌದಾ? ಒಳ್ಳೇದಾಯ್ತ್ ಕಾಣಿ" ಎಂದಳು. ಜಗಲಿಗಳಲ್ಲಿದ್ದವರೆಲ್ಲ ಅಪ್ಪಯ್ಯನ ಮುಖ ನೋಡಿದರು.

ಅಪ್ಪಯ್ಯ ಜಗಲಿಯಿಂದ ಇಳಿದರು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪಯ್ಯ ರಿಕ್ಷಾದ ಒಳಗೆ ಕೈ ಹಾಕಿದಾಗ ಹೊಡೆದೇಬಿಟ್ಟರು ಎಂದುಕೊಂಡೆ. ಅವರು ಹೊಡೆಯಲಿಲ್ಲ. ಚಿಕ್ಕಪ್ಪನ ಕೈಯಿಂದ ಮೈಕನ್ನು ತೆಗೆದುಕೊಂಡರು. ಬಾಯಿಯ ಹತ್ತಿರ ಹಿಡಿದರು. ಮಾತು ಬರಲಿಲ್ಲ. ತೆರೆಯ ಸದ್ದಿನ ಮೇಲೆ ಇನ್ನೊಂದು ದೋಣಿಗೆ ಕೇಳುವ ಹಾಗೆ ಕೂಗುತ್ತಿದ್ದ ನನ್ನ ಅಪ್ಪಯ್ಯನ ಉಸಿರು ಮಾತ್ರ ಮಾಡಿನ ಮೇಲಿನ ಸ್ಪೀಕರಿನಿಂದ ಬರುತ್ತಿತ್ತು.

ಮೈಕನ್ನು ತಮ್ಮನ ಕೈಗೆ ವಾಪಸು ಕೊಟ್ಟರು.

"ನಂಗ್ ಬತ್ತಿಲ್ಲೆ ಮಾರಾಯ. ನೀನೇ ಹೇಳ್."

"ಎಂತ ಹೇಳುದ್ ಅಣ್ಣಯ್ಯ?"

"ಈಗ ಹೇಳ್ದ್ಯಲ್ಲ, ಅದ್ ಸಮ ಅಂದ್ ಹೇಳ್."

ಚಿಕ್ಕಪ್ಪ ಮೈಕ್ ಹಿಡಿದು "ವಿದ್ಯಾಭಿಮಾನಿಗಳೇ" ಎಂದು ಎತ್ತಿಕೊಂಡರು. ರಾಗ ಮುಂದಕ್ಕೆ ಹೋಗಲಿಲ್ಲ. ಕೆಮ್ಮಿದರು. ಮತ್ತೊಮ್ಮೆ ಶುರು ಮಾಡಿದರು, ಮತ್ತೆ ನಿಂತಿತು. ಆಮೇಲೆ ರಾಗವೂ ಇಲ್ಲದೆ, ಮಹನೀಯರೂ ಇಲ್ಲದೆ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದರು.

"ನಮ್ ಹುಡ್ಗಿ ಕಾಲೇಜಿಗ್ ಹೋತ್ಳ್."

ಸ್ವಿಚ್ಚು ಆರಿಸುವುದು ಅವರಿಗೆ ಮರೆತುಹೋಯಿತು. ನನ್ನ ಚಿಕ್ಕಪ್ಪ ಅತ್ತದ್ದನ್ನು ನಮ್ಮ ಓಣಿ ಪೂರ್ತಿ ಕೇಳಿತು.